ಸನ್ಮಾನಕ್ಕೆ ಹೋದ ನನ್ನ ಶಾಲು

"ಈ ಗೋವಾದ ಸೆಕಿಯೊಳಗ ಶಾಲು ಯಾರಿಗೆ ಬೇಕವಾ?" ಎಂದು ಕೇಳದ ಹೆಂಗಸು ನಮ್ಮ ಕೊರ್ತಾಲಿಮ್ ಓಣಿಯಲ್ಲಿ ಇರಲಿಲ್ಲ. ನನಗೆ ಬೇಕಾಗಿತ್ತು. ಅದಕ್ಕೆ ಕಾರಣ ಯಾಕೆ ಹೇಳಬೇಕು?

ಎಂಬತ್ತರ ದಶಕದ ಕೊನೆಗೆ, ಗಂಡನ ಲಾರಿ ಕೆಲಸದ ಬೆನ್ನು ಹತ್ತಿ ಬಿಜಾಪುರದ ಕಡೆಯಿಂದ ಬಂದವಳು ನಾನು. ಪಕ್ಕದ ಮನೆಯ ಕ್ರಿಶ್ಚಿಯನ್ ಅಜ್ಜಿಯನ್ನು ಎಲ್ಲರೂ ಮಾಯ್ ಎನ್ನುತ್ತಿದ್ದರು. ಎರಡು ಉದ್ದ ಕಡ್ಡಿ ಕೈಗೆ ಕೊಟ್ಟು ಜಾಲರಿ ಹೆಣಿಗೆ ಕಲಿಸಿದವಳು ಅವಳೇ. ಕಡ್ಡಿಗೆ ನೂಲು ಒಂದು ಸುತ್ತು ಹೆಚ್ಚು ಹಾಕಿದರೆ ಅಲ್ಲೊಂದು ತೂತು ಬೀಳುತ್ತದೆ. ಅಂಥ ತೂತುಗಳೇ ಕೂಡಿ ಎಲೆಯಾಗುತ್ತವೆ, ಬಳ್ಳಿಯಾಗುತ್ತವೆ. ಆದರೆ ಎಲ್ಲಾದರೂ ಒಂದು ಕುಣಿಕೆ ಹರಿದರೆ ಮುಗಿಯಿತು, ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

"ಮೀನ ಹಿಡಿಯೂ ಬಲಿ ಹೆಣಿಯಾಕತ್ತಿ ಏನು?" ಎಂದು ಗಂಡ ನಗುತ್ತಿದ್ದ. ನಗಲಿ. ನಾನು ಹೆಣೆದ ಟೋಪಿ ನಾದಿನಿಯ ಕೂಸಿಗೆ ಹೋಗಿತ್ತು, ಹೊದಿಕೆ ಅವನ ಗೆಳೆಯನ ಟಿವಿಗೆ ಹೋಗಿತ್ತು. ಈ ಬಿಳಿ ಶಾಲು ಮಾತ್ರ ನನಗೇ ಎಂದು ಶುರು ಮಾಡಿದ್ದೆ. ಮುಗಿದ ಮೇಲೆ ಮಾಯ್ ಅದನ್ನು ನೆನೆಸಿ, ಗಾದಿಯ ಮೇಲೆ ಎಳೆದು, ಅಂಚಿಗೆಲ್ಲ ಗುಂಡುಸೂಜಿ ಚುಚ್ಚಿ ಒಣಗಿಸಿದಳು. ಒಮ್ಮೆಯೂ ಹೊದೆಯದೆ ಟ್ರಂಕಿನಲ್ಲಿಟ್ಟಿದ್ದೆ.

ಆ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಮಂದಿಯೆಲ್ಲ ಶಾಲೆಯ ತಗಡಿನ ಶೆಡ್ಡಿನಲ್ಲಿ ಸೇರಿದ್ದೆವು. ನಮ್ಮವರು ಊರು ಬಿಟ್ಟಾರು, ಶಾಲು ಹೊದಿಸುವುದನ್ನು ಬಿಡಲಾರರು. ಆ ಸಲ ಸನ್ಮಾನ ಇದ್ದದ್ದು ಕೂಲಿಯವರನ್ನು ಕರೆತರುವ ಗುತ್ತಿಗೆದಾರನಿಗೆ, ಮಡಗಾಂವ್‌ನಿಂದ ಶಾಲು ತರುವ ಕೆಲಸ ನನ್ನ ಗಂಡನಿಗೆ. ಅವನು ಮರೆತಿದ್ದ. ನನಗದು ಗೊತ್ತಾದದ್ದು ತಾಟು ವೇದಿಕೆಗೆ ಬಂದಾಗ. ತೆಂಗಿನಕಾಯಿಯ ಪಕ್ಕ ಮಡಚಿಟ್ಟದ್ದು ನನ್ನ ಶಾಲು!

ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಕೇಳಬಾರದಿತ್ತೇ? ಶಾಲು ಹೊದಿಸಿದರು, ಚಪ್ಪಾಳೆ ಬಿದ್ದವು. ಗುತ್ತಿಗೆದಾರನ ಉಂಗುರಕ್ಕೆ ಒಂದು ಕುಣಿಕೆ ಸಿಕ್ಕಿಕೊಂಡಿತು. ಅವನು ಜಗ್ಗಿದ, ಹರಿಯಿತು. ಆಮೇಲೆ ಶಾಲನ್ನು ಉಂಡೆ ಮಾಡಿ ಕುತ್ತಿಗೆಯ ಬೆವರು ಒರೆಸಿಕೊಂಡ.

ನಾನು ಹೆಂಗಸರ ಸಾಲಿನಿಂದ ಎದ್ದು ಸೀದಾ ವೇದಿಕೆ ಹತ್ತಿದೆ.

"ಸಾಹೇಬ್ರ, ಆ ಶಾಲು ನಂದೈತ್ರಿ. ಕೊಡ್ರಿ."

ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಗಂಡ ಹಲ್ಲು ಕಚ್ಚಿ, "ಕೆಳಗ ಇಳಿ, ಮಂದಿ ನೋಡಾಕತ್ತಾರ" ಎಂದ.

"ನೋಡ್ಲಿ ಬಿಡ್ರಿ."

ಗುತ್ತಿಗೆದಾರ ನಕ್ಕುಬಿಟ್ಟ. "ತಗೋ ತಂಗಿ, ಇಂಥಾವು ನಮ್ಮ ಮನ್ಯಾಗ ರಾಶಿ ಬಿದ್ದಾವ."

ಹರಿದದ್ದಕ್ಕಿಂತ ಈ ಮಾತಿಗೆ ಹೆಚ್ಚು ಸಿಟ್ಟು ಬಂತು. "ಇಂಥಾದ್ದು ಒಂದೂ ಇಲ್ರಿ" ಎಂದು ಅವನ ಕೈಯಿಂದ ಇಸಿದುಕೊಂಡೆ.

ಮೆಟ್ಟಿಲ ಬುಡದಲ್ಲಿ ಗಂಡ ಅಡ್ಡ ನಿಂತ. "ನನ್ನ ಮಾನ ಕಳದಿ. ಒಂದು ಹೋದ್ರ ಇನ್ನೊಂದು ಹೆಣಕೋಬೇಕಾಗಿತ್ತು. ನಿನಗೇನು ಬ್ಯಾರೆ ಕೆಲಸ ಐತಿ?"

ಶಾಲನ್ನು ಕೊಡವಿ, ಅಷ್ಟು ಮಂದಿಯ ಎದುರಿಗೇ ಹೊದ್ದುಕೊಂಡೆ. ಮೊದಲ ಸಲ. ಹೋಗಿ ನನ್ನ ಜಾಗದಲ್ಲೇ ಕೂತೆ. ಕಾದ ತಗಡಿನ ಕೆಳಗೆ ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು. ಹರಿದ ಕುಣಿಕೆ ಇನ್ನಷ್ಟು ಬಿಚ್ಚಿಕೊಳ್ಳದಂತೆ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ವಂದನಾರ್ಪಣೆ ಮುಗಿಯುವವರೆಗೂ ಬಿಡಲಿಲ್ಲ.