ಎಲಿನಾಮಿ ಮುಚ್ಚಿಟ್ಟ ಚಿರತೆ

ಎಲಿನಾಮಿಗೆ ಸಿಫಾಯೆಲಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇಕೆ, ಸೆರೆಂಗೆಟಿಯ ಸಫಾರಿ ಚಾಲಕರಿಗೆಲ್ಲ ಗೊತ್ತಿದ್ದ ಸಂಗತಿಯೇ. ಇಬ್ಬರೂ ಅರುಷಾ ಪಟ್ಟಣದ ಒಂದೇ ಗ್ಯಾರೇಜಿನಲ್ಲಿ ಗಾಡಿ ತೊಳೆದು ದೊಡ್ಡವರಾದವರು, ಒಟ್ಟಿಗೇ ಸ್ಟಿಯರಿಂಗ್ ಹಿಡಿದವರು. ಆದರೆ ಚಿರತೆಗಳು ಮಾತ್ರ ಸಿಫಾಯೆಲಿಯ ಕಣ್ಣಿಗೇ ಬೀಳುತ್ತಿದ್ದವು. "ಆ ಹಾಳು ಮೃಗಗಳಿಗೂ ಅವನ ಮುಖಾನೇ ಬೇಕು ನೋಡು," ಎಂದು ಎಲಿನಾಮಿ ಹೆಂಡತಿಯ ಮುಂದೆ ಗೊಣಗುತ್ತಿದ್ದ.

ಪ್ರಾಣಿ ಕಂಡವನು ರೇಡಿಯೋದಲ್ಲಿ ಉಳಿದವರಿಗೆ ಹೇಳಬೇಕು, ಅದು ಚಾಲಕರ ಕಟ್ಟಳೆ. ಮುಚ್ಚಿಟ್ಟವನ ಜೊತೆ ಯಾರೂ ಕೂತು ಚಹಾ ಕುಡಿಯುವುದಿಲ್ಲ. ಹಾಗಾಗಿ ಬೆಳಗಾದರೆ ಸಾಕು, ಸಿಫಾಯೆಲಿ ಕರೆಯುವುದು, ಎಲಿನಾಮಿ ತನ್ನ ಪ್ರವಾಸಿಗರನ್ನು ಕಟ್ಟಿಕೊಂಡು ಅವನು ತೋರಿಸಿದ ಮರದ ಕೆಳಗೆ ಸಾಲಿನಲ್ಲಿ ನಿಲ್ಲುವುದು. ಒಂದೇ ಒಂದು ಸಲ ತಾನು ಕಂಡದ್ದು ಅವನಿಗೆ ಕಾಣದೆ ಹೋಗಬೇಕು ಎಂಬುದು ಎಲಿನಾಮಿಯ ಆಸೆ.

ಅವತ್ತು ಚಪಾತಿ ತಿನ್ನುವಾಗ ಸಿಫಾಯೆಲಿ ಎಲ್ಲರೆದುರು ಕೆಣಕಿದ: "ಸುಮ್ನೆ ಯಾಕೋ ಸುತ್ತಾಡ್ತೀಯ? ನನ್ನ ಹಿಂದೇನೇ ಬಂದ್ಬಿಡು, ಡೀಸೆಲ್ ಆದ್ರೂ ಉಳಿಯುತ್ತೆ!"

ಚಾಲಕರು ಬಿದ್ದು ಬಿದ್ದು ನಕ್ಕರು. ಎಲಿನಾಮಿಗೆ ಮೈಯೆಲ್ಲ ಉರಿಯಿತು.

ಆಮೇಲೆ ಎಲ್ಲರಿಂದ ಬೇರೆಯಾಗಿ ಗಾಡಿ ಓಡಿಸಿಕೊಂಡು ಹೊಳೆಯ ಅಂಚಿಗೆ ಬಂದಾಗ ಅತ್ತಿಮರದ ಕೊಂಬೆಯ ಮೇಲೆ ಚಿರತೆ. ಪಕ್ಕದಲ್ಲಿ ಎರಡು ಮರಿ! ಹಿಂದೆ ಕೂತಿದ್ದ ಜರ್ಮನ್ ದಂಪತಿ ಕ್ಯಾಮೆರಾ ಎತ್ತಿಕೊಂಡರು. ಎಲಿನಾಮಿಯ ಕೈ ರೇಡಿಯೋದವರೆಗೆ ಹೋಗಿ ಹಿಂದೆ ಬಂತು. ಸಂಜೆ ಕ್ಯಾಂಪಿನಲ್ಲಿ ಈ ದಂಪತಿಯ ಫೋಟೋಗಳನ್ನು ಸಿಫಾಯೆಲಿಯ ಮೂತಿಗೆ ಹಿಡಿಯಬೇಕು, ಆ ಮೂತಿ ಸೊಟ್ಟಗಾಗುವುದನ್ನು ನೋಡಬೇಕು. ಆದರೆ ಗಾಡಿ ದಾರಿಯಲ್ಲೇ ನಿಂತರೆ ದೂರದಿಂದ ನೋಡಿದವರೂ ಓಡಿ ಬರುತ್ತಾರೆ. ಅದಕ್ಕೇ ದಾರಿ ಬಿಟ್ಟು ಮರದ ಹಿಂದಿನ ತಗ್ಗಿಗೆ ಇಳಿಸಿದ. ಸಫಾರಿ ಚಾಲಕನಾದವನು ಮಾಡುವ ಕೆಲಸವಲ್ಲ ಅದು. ಕಪ್ಪು ಮಣ್ಣು ಚಕ್ರಗಳನ್ನು ಅಚ್ಚಿನವರೆಗೂ ನುಂಗಿತು.

ಗಾಡಿ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಮರಿಗಳ ತಾಯಿ ತಲೆಯ ಮೇಲೆ ಕೂತಿರುವಾಗ ಕೆಳಗಿಳಿದು ತಳ್ಳುವವರಾರು? ಬಿಸಿಲೇರಿ, ಹೆಂಗಸಿನ ಮುಖ ಬಾಡಿದ ಮೇಲೆ ಎಲಿನಾಮಿ ಸೋತು ರೇಡಿಯೋ ಹಿಡಿದ. "ಅತ್ತಿಮರದ ಹತ್ರ ಹೂತುಕೊಂಡಿದೀನಿ. ಯಾರಾದ್ರೂ ಬನ್ನಿ."

ಬಂದವನು ಯಾರು ಅಂದುಕೊಂಡಿರಿ? ಸಿಫಾಯೆಲಿಯೇ.

ಅವನು ಚಕ್ರದ ಗುರುತು ನೋಡಿದ, ತಗ್ಗು ನೋಡಿದ, ಮರದ ಮೇಲೆ ನೋಡಿದ. ಎಲ್ಲ ಅರ್ಥವಾಯಿತು. ತನ್ನ ಗಾಡಿಯನ್ನು ಹಿಮ್ಮುಖವಾಗಿ ತಂದು, ಹಗ್ಗ ಎಸೆದು, ಎಳೆದು ದಾರಿಗೆ ಹಾಕಿದ. ಆಮೇಲೆ ರೇಡಿಯೋ ಎತ್ತಿಕೊಂಡ. ಎಲಿನಾಮಿ ಕಣ್ಣು ಮುಚ್ಚಿಕೊಂಡ. ಮಾನ ಹರಾಜಾಗುವ ಹೊತ್ತು ಬಂತು ಅಂತ.

"ಎಲ್ಲರೂ ಕೇಳಿ! ಎಲಿನಾಮಿಗೆ ಚಿರತೆ ಸಿಕ್ಕಿದೆ, ಎರಡು ಮರಿ ಬೇರೆ. ಆಗ್ಲೇ ಕರೀತಿದ್ದನಂತೆ ಪಾಪ, ಅವನ ರೇಡಿಯೋ ಕೈಕೊಟ್ಟಿತ್ತು, ಈಗಷ್ಟೇ ಸರಿಹೋಯ್ತು. ಬೇಗ ಬನ್ನಿ!"

ರೇಡಿಯೋ ತುಂಬ ಶಭಾಷ್‌ಗಿರಿ. "ಭೇಷ್ ಎಲಿನಾಮಿ!" "ಮರಿ ಬೇರೆ ಹಿಡಿದ್ಯಲ್ಲೋ, ಭೂಪ!"

ಸಿಫಾಯೆಲಿ ಕಿಟಕಿಯಿಂದ ಕೈಬೀಸಿ ಹೊರಟುಹೋದ. ಅವನ ಜಾಗದಲ್ಲಿ ತಾನಿದ್ದಿದ್ದರೆ ಆ ಸುಳ್ಳು ತನ್ನ ಬಾಯಿಂದ ಬರುತ್ತಿರಲಿಲ್ಲ ಎಂಬುದು ಎಲಿನಾಮಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯಿತು.