ಶೇಖವ್ವ ದೊಡ್ಡವ್ವ ಗಂಡನ ಹೆಸರು ಹಿಡಿದು ಕೂಗಿದ್ದು

ನಮ್ಮ ಶೇಖವ್ವ ದೊಡ್ಡವ್ವ ಗಂಡನ ಹೆಸರು ಹೇಳುತ್ತಿರಲಿಲ್ಲ. ಆಧಾರ್ ಕಾರ್ಡ್ ಮಾಡಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಗಂಡನ ಹೆಸರೇನು ಅಂತ ಕೇಳಿದರೆ ಸೆರಗು ಎಳೆದುಕೊಂಡು ನನ್ನ ಪಕ್ಕೆ ತಿವಿದಳು: "ನೀ ಹೇಳವಾ, ಅಂಕಿತಾ." ನನಗೆ ರೇಗಿತು. "ನಿಜಲಿಂಗಪ್ಪ" ಎಂದು ಇಡೀ ಆಫೀಸಿಗೆ ಕೇಳುವಂತೆ ಹೇಳಿದೆ. ಆಕೆ ನಾಚಿ ನೆಲ ನೋಡಿದಳು. ಮನೆಯಲ್ಲಿ ದೊಡ್ಡಪ್ಪನನ್ನು ಕರೆಯುವುದು "ಏನ್ರಿ" ಅಂತ, ಅದೂ ಬಾಗಿಲ ಮರೆಯಿಂದ.

ಕೊರ್ಲಹಳ್ಳಿಯ ಹೊಳೆದಂಡೆಯಿಂದ ಲಕ್ಷ್ಮೇಶ್ವರದ ಈ ಶೇಂಗಾ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳು. ಎದುರು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಸಿಟ್ಟು ಬಂದರೆ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ಆಕೆಯ ಜಗಳ ಅಷ್ಟೇ.

ಆ ಮನೆಯ ನೆಲಮಾಳಿಗೆಯಲ್ಲಿ ಮುತ್ತಜ್ಜನ ಕಾಲದ ಕಬ್ಬಿಣದ ತಿಜೋರಿ ಇತ್ತು. ದೀಪಾವಳಿಗೆ ಲಕ್ಷ್ಮೀಪೂಜೆ ಅದಕ್ಕೇ. ಹೋದ ಮಳೆಗಾಲದಲ್ಲಿ ಗೋಡೆಯಿಂದ ನೀರು ಜಿನುಗಿತು. ನೆಲಮಾಳಿಗೆಗೆ ಗರಸು ಮಣ್ಣು ತುಂಬಿ ಮುಚ್ಚದಿದ್ದರೆ ಮನೆಯೇ ಕುಸಿಯುತ್ತದೆ ಎಂದ, ಗೋಡೆ ನೋಡಲು ಬಂದ ಗೌಂಡಿ. ಅದಕ್ಕೆ ಮೊದಲು ತಿಜೋರಿ ಮೇಲೆ ಬರಬೇಕು. ಭಾರದ ಸಾಮಾನು ಸಾಗಿಸುವುದೇ ಉದ್ಯೋಗವಾದ ಸಿದ್ದರಾಮ ಗದಗದಿಂದ ತನ್ನ ಆಳುಗಳೊಂದಿಗೆ ಬಂದ. ಮೆಟ್ಟಿಲ ಮೇಲೆ ಹಲಗೆ ಹಾಸಿದ, ಮೇಲೆ ತೊಲೆಗೆ ಚೈನ್ ಕಪ್ಪಿ ಕಟ್ಟಿದ, ತಿಜೋರಿಗೆ ದಪ್ಪ ಹಗ್ಗ ಸುತ್ತಿದ.

"ಎಳಿಯುವಾಗ ಅದರ ಕೆಳಗ ಯಾರೂ ನಿಂದ್ರಬಾರದ್ರಿ. ಜಾರಿದ್ರ ಜಾರ್ಲಿ. ಕಬ್ಬಿಣ ಐತಿ, ಅದಕ್ಕೇನೂ ಆಗಂಗಿಲ್ಲ" ಅಂದ.

ದೊಡ್ಡಪ್ಪ ತಲೆಯಾಡಿಸಿದ. ಆಮೇಲೆ ಎಲ್ಲರ ಚಪ್ಪಲಿ ಬಿಡಿಸಿದ. ಲಕ್ಷ್ಮಿ ಅಲ್ಲವೇ!

ಸ್ವಲ್ಪ ಎಳೆಯುವುದು, ಹಿಂದೆ ಮರದ ಬೆಣೆ ಕೊಡುವುದು, ಮತ್ತೆ ಎಳೆಯುವುದು. ಹೀಗೆ ತಿಜೋರಿ ಅರ್ಧ ಮೆಟ್ಟಿಲು ಏರಿತ್ತು. ಬದಿಗೆ ನಿಂತಿದ್ದ ಆಳು ಬೆಣೆಯನ್ನು ಕಾಲಿನಿಂದ ಒಳಗೆ ತಳ್ಳಲು ಹೋದ.

"ಲೇ, ಲಕ್ಷ್ಮಿಗೆ ಕಾಲ ಹಚ್ಚತೀಯೇನ?" ಎಂದು ದೊಡ್ಡಪ್ಪ ಗದರಿದ. ಗದರಿ ಸುಮ್ಮನಿದ್ದರೆ ಆಗುತ್ತಿತ್ತು. ಸಿದ್ದರಾಮ ಬೇಡ ಬೇಡ ಅನ್ನುವಷ್ಟರಲ್ಲಿ ಪಕ್ಕದಲ್ಲಿ ನುಸುಳಿ, ತಿಜೋರಿಯ ಕೆಳಗಿನ ಮೆಟ್ಟಿಲಿಗೆ ಇಳಿದು, ಬೆಣೆ ಕೈಯಲ್ಲಿ ಹಿಡಿದು ಬಗ್ಗಿದ.

ಆಗಲೇ ಹಗ್ಗ ಒಂದು ಕಡೆ ಜಾರಿತು. ತಿಜೋರಿ ಕರ್ರೆಂದು ಒಂದು ಗೇಣು ಕೆಳಗೆ ಸರಿದು, ಒಂದೇ ಮೂಲೆಗೆ ಸಿಕ್ಕಿಕೊಂಡು ನಿಂತಿತು. ದೊಡ್ಡಪ್ಪ ಬೆಣೆ ಬಿಸಾಕಿ ಎರಡೂ ಕೈ ಕೊಟ್ಟ. ಮೂರು ಎತ್ತಿನ ಭಾರದ ಕಬ್ಬಿಣಕ್ಕೆ ಈ ಮುದುಕನ ಕೈ!

"ಸಾವ್ಕಾರ್ರ, ಬಾಜೂಕ ಸರೀರಿ!" ಸಿದ್ದರಾಮ ಚೀರಿದ. ಆಳುಗಳು ಚೀರಿದರು. ನಾನೂ "ದೊಡ್ಡಪ್ಪಾ" ಎಂದು ಚೀರಿದೆ. ಆತನಿಗೆ ಕೇಳಲಿಲ್ಲ. "ಬೀಳಬಾರದು, ಬೀಳಬಾರದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಗ್ಗ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದು ನನ್ನ ಕಣ್ಣಿಗೆ ಕಾಣುತ್ತಿತ್ತು.

"ಲೇ ನಿಜಲಿಂಗಪ್ಪಾ! ಬಿಡೋ ಅದನ್ನ!"

ಯಾರೋ ಬೀದಿಯವರು ಎಂದುಕೊಂಡೆ. ತಿರುಗಿದರೆ ಬಾಗಿಲಲ್ಲಿ ದೊಡ್ಡವ್ವ. ತಲೆಯ ಮೇಲೆ ಸೆರಗಿಲ್ಲ, ಕೈ ತುಂಬ ಹಿಟ್ಟು.

ದೊಡ್ಡಪ್ಪ ಕೆನ್ನೆಗೆ ಹೊಡೆಸಿಕೊಂಡವನಂತೆ ಬೆಚ್ಚಿ ಹೆಂಡತಿಯ ಕಡೆ ತಿರುಗಿದ. ಕೈಗಳು ತಾವಾಗಿಯೇ ಬಿಟ್ಟವು. ಬದಿಯಲ್ಲಿದ್ದ ಆಳು ಅಂಗಿ ಹಿಡಿದು ಪಕ್ಕಕ್ಕೆ ಜಗ್ಗಿದ. ಹಗ್ಗ ಹರಿಯಿತು. ತಿಜೋರಿ ಹಲಗೆ, ಮೆಟ್ಟಿಲು ಎಲ್ಲ ಒಡೆಯುತ್ತ ಹೋಗಿ ಕೆಳಗೆ ಬಿದ್ದಾಗ ಮನೆ ನಡುಗಿತು.

ಧೂಳು ಇಳಿಯಿತು. ತಿಜೋರಿಯ ಕಡೆ ಒಬ್ಬರೂ ನೋಡಲಿಲ್ಲ. ನಾವೆಲ್ಲ ನೋಡಿದ್ದು ದೊಡ್ಡವ್ವನನ್ನು. ಆಕೆ ತನ್ನ ಬಾಯಿಯನ್ನು ಹಿಟ್ಟಿನ ಕೈಯಿಂದ ಮುಚ್ಚಿಕೊಂಡು ಕಲ್ಲಾಗಿ ನಿಂತಿದ್ದಳು.

ಮಧ್ಯಾಹ್ನ ಸಿದ್ದರಾಮ ಒಡೆದ ಮೆಟ್ಟಿಲ ಮೇಲೆ ಬೇರೆ ದಪ್ಪ ಹಲಗೆ ಹಾಸಿ, ಈ ಸಲ ಸರಪಳಿಯನ್ನೇ ಸುತ್ತಿ, ಕೆಳಗೆ ಒಬ್ಬರನ್ನೂ ಬಿಡದೆ ತಿಜೋರಿ ಹೊರಗೆ ತಂದ. ಬೆಣೆಗಳನ್ನು ಬದಿಯಿಂದ ಕಾಲಲ್ಲೇ ತಳ್ಳಿದ. ದೊಡ್ಡಪ್ಪ ಪಡಸಾಲೆಯಲ್ಲಿ ಕೂತವನು ಚಕಾರ ಎತ್ತಲಿಲ್ಲ.

ಸಂಜೆ ಪಕ್ಕದ ಮನೆಯ ಮುದುಕವ್ವ ಬಂದಳು. ಸಮಾಧಾನ ಹೇಳಲು ಬಂದಳೆಂದುಕೊಂಡೆ. ಕೂತವಳೇ ಶುರು ಮಾಡಿದಳು:

"ಗಂಡನ ಹೆಸರ ಹಿಡದ ಒದರಿದೆಂತಲ್ಲ, ಶೇಖವ್ವಾ? ಹಂಗ ಕರದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ, ಗೊತ್ತಿಲ್ಲೇನು?"

ದೊಡ್ಡವ್ವನ ಮುಖ ಬಿಳಿಚಿತು. ದಿನವಿಡೀ ಆಕೆಯನ್ನು ಕೊರೆಯುತ್ತಿದ್ದುದು ಇದೇ ಎಂದು ನನಗೆ ಆಗ ತಿಳಿಯಿತು. ಮುದುಕವ್ವನಿಗೆ ಸರಿಯಾಗಿ ಅನ್ನಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ಚಹಾದ ಬಸಿ ಕೆಳಗಿಟ್ಟ.

"ಅಕ್ಕಾ, ಎಲ್ಲಾರೂ ಒದರಿದ್ರಂತ. ನನಗ ಯಾರ ದನೀನೂ ಕೇಳ್ಲಿಲ್ಲ. ಈಕಿ ಕರದದ್ದೊಂದ ಕೇಳಿತು."

ದೊಡ್ಡವ್ವ ಎಲ್ಲರೆದುರೇ ಗಂಡನ ಪಕ್ಕದಲ್ಲಿ ಕುಳಿತಳು. ಆತನ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದೇ ಬೆರಳು ಮುಟ್ಟಿ ನೋಡುತ್ತ, ಗಟ್ಟಿಯಾಗಿ ಅತ್ತಳು.