ಹೆನ್ರಿ ಅಂಕಲ್ ಹಿಡಿದ ಮೀನು

ಹೆನ್ರಿ ಅಂಕಲ್‌ಗೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸವಿರಲಿಲ್ಲ. ನಾವು ಅರ್ಧ ಹೇಳುವಷ್ಟರಲ್ಲಿ ಟ್ರಾಫಿಕ್ ಪೊಲೀಸಿನವರಂತೆ ಬಲಗೈ ಎತ್ತಿ, ಅಂಗೈ ತೋರಿಸಿ, "ಗೊತ್ತುಂಟು, ಗೊತ್ತುಂಟು" ಎಂದುಬಿಡುತ್ತಿದ್ದರು. ವಿಲಾಯತಿಯ ಫೆಲ್ಥಮ್‌ನಲ್ಲಿ ಒಂಬತ್ತು ವರ್ಷ ಅವರ ಪಕ್ಕದ ಮನೆಯಲ್ಲಿದ್ದ ನನಗೆ ಆ ಅಂಗೈಯ ಗೆರೆಗಳೆಲ್ಲ ಬಾಯಿಪಾಠ. ನಮ್ಮ ಬಾಯ್ಲರ್ ಕೆಟ್ಟಾಗ "ಇದು ನನಗೆ ಗೊತ್ತುಂಟು" ಎನ್ನುತ್ತಾ ಸ್ಪ್ಯಾನರ್ ಹಿಡಿದು ಬಂದರು. ಆಮೇಲೆ ನಾಲ್ಕು ದಿನ ನಾವು ಕೆಟಲ್‌ನಲ್ಲಿ ನೀರು ಕಾಯಿಸಿ ಸ್ನಾನ ಮಾಡಿದೆವು. ಐದನೆಯ ದಿನ ರಿಪೇರಿಯವನು ಬಂದಾಗ ಅವನ ಬೆನ್ನ ಹಿಂದೆ ನಿಂತು ಅವನಿಗೂ ಸಲಹೆ ಕೊಟ್ಟರು.

ಅವರು ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ನನ್ನಂಥ ಮೈಸೂರಿನವರ ಹತ್ತಿರ ಕನ್ನಡ. ವಿಮಾನ ನಿಲ್ದಾಣದಲ್ಲಿ ಲಗೇಜು ಹೇರುವ ಕೆಲಸದಲ್ಲಿ ಸೊಂಟ ಸವೆಸಿದವರು. ನಾಲ್ಕು ಜನ ಸೇರಿದರೆ ಸಾಕು, ಊರಿನಲ್ಲಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ತಾವು ಹಿಡಿದ ಮೀನಿನ ಕಥೆ ಶುರು. ಆ ಮೀನು ಕ್ರಿಸ್‌ಮಸ್‌ಗೆ ಎರಡು ಮೊಳ ಇದ್ದರೆ ಈಸ್ಟರ್ ಹೊತ್ತಿಗೆ ಅವರ ಎತ್ತರಕ್ಕೆ ಬೆಳೆದಿರುತ್ತಿತ್ತು. ಅವರ ಹೆಂಡತಿ ಸಿಸಿಲಿ ಆಂಟಿ ಬಡಿಸುತ್ತಲೇ ಹೇಳುತ್ತಿದ್ದರು: "ಮದುವೆಯಾಗಿ ನಲವತ್ತು ವರ್ಷ ಆಯ್ತು. ಇವರು ಒಂದು ಸಿಗಡಿ ಹಿಡಿದದ್ದು ಸಹ ನಾನು ನೋಡಲಿಲ್ಲ."

ಅವರು ನಿವೃತ್ತರಾದಾಗ ಜೊತೆಯ ಕೆಲಸಗಾರರು ಈ ಕಥೆಗಳನ್ನೆಲ್ಲ ನಂಬಿ, ವೇಲ್ಸ್‌ನ ಒಂದು ಅಳಿವೆಯಲ್ಲಿ ಗೈಡ್ ಜೊತೆ ಸಾಲ್ಮನ್ ಹಿಡಿಯುವ ಒಂದು ದಿನದ ವೋಚರ್ ಉಡುಗೊರೆ ಕೊಟ್ಟರು. ಬುಕ್ ಮಾಡುವುದು ನಾನು, ರಜೆ ಹಾಕಿ ಕಾರು ಓಡಿಸುವುದೂ ನಾನು. ಮೀನಿನ ವಾಸನೆ ಬಂದರೆ ಕಿಟಕಿ ತೆಗೆಯುವ ನಾನು! ಅಲ್ಲಿಯ ನಿಯಮ ಓದಿದವನೇ ಹೇಳಲು ಹೋದೆ: "ಅಂಕಲ್, ಅಲ್ಲಿ ಹಿಡಿದ ಸಾಲ್ಮನ್‌ನ ವಾಪಸ್..." ಅಂಗೈ ಮೇಲೆದ್ದಿತು. "ಗೊತ್ತುಂಟು."

ಆರಕ್ಕೆ ಹೊರಡೋಣ ಎಂದವರು ಏಳೂವರೆಗೆ ಒಂದು ದೊಡ್ಡ ಐಸ್ ಡಬ್ಬ ಹೊತ್ತುಕೊಂಡು ಬಂದರು. ಅರ್ಧ ದಾರಿಯಲ್ಲಿ ಕಾರಿನ ತುಂಬ ಮೆಣಸಿನ ಘಾಟು. ಏನಿದು ಎಂದು ಕೇಳಿದೆ.

"ಮಸಾಲೆ ಮಾರಾಯ. ಹಿಡಿದ ಕೂಡಲೇ ಉಪ್ಪು, ಅರಿಶಿನ, ಮೆಣಸು ಹಚ್ಚಿ ಐಸಲ್ಲಿ ಇಡಬೇಕು. ಆದಿತ್ಯವಾರ ಪೂಜೆ ಮುಗಿಸಿ ಹದಿನಾಲ್ಕು ಜನ ಊಟಕ್ಕೆ ಬರ್ತಾರೆ. ಸಿಸಿಲಿಗೆ ಈ ಸಲ ತೋರಿಸ್ತೇನೆ."

"ಅಂಕಲ್, ಅಲ್ಲಿ ಮೀನನ್ನ ಮನೆಗೆ ತರೋ ಹಾಗಿಲ್ಲ. ವಾಪಸ್ ನೀರಿಗೇ ಬಿಡ್ಬೇಕು."

"ಹಿಡಿದ ಮೀನನ್ನು ಯಾರಾದರೂ ಬಿಡ್ತಾರಾ? ಬುದ್ಧಿ ಉಂಟಾ ನಿನಗೆ?"

ಅಳಿವೆಯಲ್ಲಿ ಗೈಡ್ ನಿಧಾನವಾಗಿ ಗಾಳದ ಕೋಲು ಬೀಸಿ ತೋರಿಸಿದ. ಅಂಕಲ್ ಅವನತ್ತ ನೋಡದೆ, ಊರಲ್ಲಿ ಬಲೆ ಬೀಸುವವರಂತೆ ಸೊಂಟ ತಿರುಗಿಸಿ ಬೀಸಿದರು. ಗಾಳ ಹೋಗಿ ಗೈಡ್‌ನ ಟೋಪಿಗೆ ಸಿಕ್ಕಿಕೊಂಡಿತು. ಎರಡನೆಯ ಸಲವೂ ಟೋಪಿಗೇ. ಮೀನು ಕೊಂಡೊಯ್ಯುವಂತಿಲ್ಲ ಎಂದು ಅವನೂ ಹೇಳಿದಾಗ, ಡಬ್ಬ ತೆರೆದು ಮಸಾಲೆ ತೋರಿಸಿ "ಒಂದೇ ಒಂದು" ಎಂದು ಚೌಕಾಸಿಗೆ ಇಳಿದರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಂಕಲ್, ನೀವು ಜೀವಮಾನದಲ್ಲಿ ಒಂದು ಮೀನಾದ್ರೂ ಹಿಡಿದಿದ್ದೀರಾ?" ಎಂದು ಕೂಗಿಯೇಬಿಟ್ಟೆ.

ಅವರು ನೀರು ನೋಡಿದರು. "ಇಲ್ಲ. ಅಣ್ಣ ಹಿಡೀತಿದ್ದ. ನಾನು ಬುಟ್ಟಿ ಹಿಡ್ಕೊಂಡು ನಿಲ್ತಿದ್ದೆ."

ಅಷ್ಟು ಕೇಳಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಡಬ್ಬ ಎತ್ತಿಕೊಂಡು ಕಾರಿಗೆ ಹೋಗಿ, ಹೀಟರ್ ಹಾಕಿಕೊಂಡು, ಒಂದು ಗಂಟೆ ಕೂತೆ. ನೀರಿಗೆ ಬಿದ್ದೀತೆಂದು ಅವರು ಕೊಟ್ಟಿದ್ದ ಫೋನೂ ನನ್ನ ಜೇಬಿನಲ್ಲೇ ಇತ್ತು.

ವಾಪಸ್ ಹೋದಾಗ ಅಂಕಲ್ ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ನಿಂತಿದ್ದರು. ತೋಳುಗಳು ಭುಜದವರೆಗೂ ಒದ್ದೆ, ಕೈ ಖಾಲಿ. ಗೈಡ್ ನಗುತ್ತಾ ನನಗೆ ಹೇಳಿದ: "ಒಳ್ಳೆಯ ಮೀನು ಸಿಕ್ಕಿತ್ತು, ಈಗಷ್ಟೇ ಬಿಟ್ಟರು. ಅದಕ್ಕೆ ಉಸಿರು ಬರುವವರೆಗೂ ಹರಿವಿಗೆ ಮುಖ ಮಾಡಿಸಿ ಹಿಡಿದುಕೊಂಡಿದ್ದರು, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿದರು."

ಯಾರು, ಹೆನ್ರಿ ಅಂಕಲ್ ಕೇಳಿದರೇ?

ಮರಳುವಾಗ ನಾಲ್ಕು ಗಂಟೆಯ ದಾರಿಯುದ್ದಕ್ಕೂ ಅವರು ತಮ್ಮ ತೋಳನ್ನೇ ನೋಡುತ್ತಾ ಕೂತಿದ್ದರು. ಮನೆ ಹತ್ತಿರವಾದಾಗ ಎಡಗೈಯಿಂದ ಬಲ ಮೊಣಕೈ ಮುಟ್ಟಿ, "ಇಲ್ಲಿಂದ ಬೆರಳ ತುದಿವರೆಗೆ. ಅಷ್ಟೇ ಇತ್ತು" ಎಂದರು.

ಭಾನುವಾರ ಹದಿನಾಲ್ಕು ಜನರಿಗೆ ಕೋಳಿ ಸಾರಾಯಿತು. ಮೀನೆಲ್ಲಿ ಎಂದು ಯಾರೋ ಕೇಳಿದರು. "ಸಿಕ್ಕಿತು. ಬಿಟ್ಟೆ" ಎಂದರು ಅಂಕಲ್. ತೋರಿಸಲು ಒಂದು ಫೋಟೋ ಕೂಡ ಇರಲಿಲ್ಲ. ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿಸಿಲಿ ಆಂಟಿ ನನ್ನ ಕಡೆ ತಿರುಗಿ, "ನೀನು ನೋಡಿದ್ದಾ?" ಎಂದರು. ನನ್ನ ಒಂದು ದಿನದ ರಜೆ ಹಾಳಾಗಿತ್ತು, ಕಾರಿನ ಸೀಟು ಇನ್ನೂ ಮೆಣಸು ನಾರುತ್ತಿತ್ತು. "ನಾನು ನೋಡ್ಲಿಲ್ಲ ಆಂಟಿ" ಎಂದೆ. ಸುಳ್ಳೇನಲ್ಲ. ಗೈಡ್ ಹೇಳಿದ್ದನ್ನು ಹೇಳಬಹುದಿತ್ತು, ಹೇಳಲಿಲ್ಲ. ಅಂಕಲ್ ಅಂಗೈ ಎತ್ತಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಮುಂದೆ ಹೋದರು. ಅಂದಿನಿಂದ ಅವರ ಅಳಿವೆಯ ಕಥೆಗಳು ನಿಂತೇಹೋದವು. ಇಷ್ಟು ವರ್ಷ ತಲೆಚಿಟ್ಟು ಹಿಡಿಸಿದ ಆ ಕಥೆಗಳಿಗಾಗಿ ನಾನೇ ಕಾಯುವಂತಾಯಿತು.

ಹೋದ ಚಳಿಗಾಲದಲ್ಲಿ ಹೆನ್ರಿ ಅಂಕಲ್ ತೀರಿಕೊಂಡರು. ಮಣ್ಣು ಮಾಡಿ ಬಂದು ಇಗರ್ಜಿಯ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದಾಗ ಸಿಸಿಲಿ ಆಂಟಿ ಪಕ್ಕಕ್ಕೆ ಬಂದು ಕುಳಿತರು.

"ನಿಜ ಹೇಳು. ಅವತ್ತು ಇವರಿಗೆ ಮೀನು ಸಿಕ್ಕಿತ್ತಾ?"

"ಸಿಕ್ಕಿತ್ತು ಆಂಟಿ. ನಾನೇ ನೋಡ್ದೆ."

"ಎಷ್ಟು ದೊಡ್ಡದು?"

ಎರಡೂ ಕೈ ಅಗಲಿಸಲು ಹೋದವನು ತಡೆದುಕೊಂಡೆ. ಮೊಣಕೈ ಮುಟ್ಟಿ, ಬೆರಳ ತುದಿ ತೋರಿಸಿದೆ.

ಆಂಟಿ ತಮ್ಮ ಕೈಯ ಮೇಲೆಯೇ ಅಳತೆ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಅಷ್ಟೇನಾ?" ಎಂದರು. "ಹಾಗಾದ್ರೆ ಹಿಡಿದದ್ದು ಹೌದು."